ಹುಲಿ ಕಾರ್ಡಿನ ಅಳಿಸಿದ ವರ್ಷ: ಮಂಗಳೂರಿನ ಒಂದು ಅಂಚೆಕೂಟದ ಪ್ರಕರಣ

ನಮ್ಮ ಅಂಚೆಚೀಟಿ ಸಂಗ್ರಾಹಕರ ಕೂಟಕ್ಕೆ ಎಷ್ಟು ವರ್ಷ ಆಯಿತು ಎಂದು ನಮಗೇ ಗೊತ್ತಿರಲಿಲ್ಲ. ಅದು ಬಯಲಾದದ್ದು 2023ರಲ್ಲಿ, ಹಂಪನಕಟ್ಟೆಯ ಒಂದು ಹೋಟೆಲಿನ ಹಿಂದಿನ ಟೇಬಲ್ಲಿನಲ್ಲಿ. ಗೋಳಿಬಜೆ ಖಾಲಿಯಾಗಿ ಕಾಫಿ ಇನ್ನೂ ಬಂದಿರಲಿಲ್ಲ.

"ಈ ವರ್ಷ ನಲ್ವತ್ತು ಆಗ್ತದಲ್ಲ, ಎಂತಾದ್ರೂ ಮಾಡುವ" ಎಂದರು ಒಬ್ಬರು.

"ನಲ್ವತ್ತು ಹೋದ ವರ್ಷವೇ ಆಗಿದೆ ಮಾರಾಯ್ರೆ. ಏಷ್ಯಾಡ್ ಚೀಟಿ ಬಂದ ವರ್ಷ ಅಲ್ವಾ ಶುರುವಾದದ್ದು?" ಎಂದರು ಇನ್ನೊಬ್ಬರು. ಏಷ್ಯಾಡ್ ಎಂದರೆ 1982ರ ಏಷ್ಯನ್ ಗೇಮ್ಸ್.

ಮೂರನೆಯವರು ತಲೆ ಅಲ್ಲಾಡಿಸಿದರು. ಇಂದಿರಾ ಗಾಂಧಿ ತೀರಿಕೊಂಡ ಮರುವರ್ಷ ಶುರುವಾದದ್ದು, ಹಾಗಾಗಿ ಇನ್ನೂ ಎರಡು ವರ್ಷ ಉಂಟು ಎಂಬುದು ಅವರ ಲೆಕ್ಕ. ಇವರಿಬ್ಬರ ಹತ್ತಿರ ಒಂದೊಂದು ನೆನಪಾದರೂ ಇತ್ತು. ಮೊದಲು ಬಾಯಿ ತೆರೆದವರ ಹತ್ತಿರ ಅದೂ ಇರಲಿಲ್ಲ. ಸುಮ್ನೆ ಹೇಳಿದ್ದರು.

ನಾನು ನಕ್ಕೆ. ನಕ್ಕದ್ದೇ ತಪ್ಪಾಯಿತು. ಕೂಟದ ನಾಲ್ಕು ಪುಟದ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಆ ನಾಲ್ಕು ಪುಟಕ್ಕೆ ಎರಡು ವರ್ಷ ಹಿಡಿಯಿತು. ಯಾಕೆ ಹಿಡಿಯಿತು ಎಂಬುದೇ ಈ ಬರಹ.

ನಾವು ಯಾರು

ಅಂಚೆಚೀಟಿ ಸಂಗ್ರಹ ಎಂದರೆ ಹೂವು, ಹಕ್ಕಿ, ಗಾಂಧೀಜಿ ಎಂದು ಆಲ್ಬಮ್ಮಿಗೆ ಅಂಟಿಸುವುದು ಎಂದು ಹೆಚ್ಚಿನವರ ಅಂದಾಜು. ನಮ್ಮದು ಸ್ವಲ್ಪ ಬೇರೆ ಜಾತಿ. ಹಳೆಯ ಕೆನರಾ (ಮಂಗಳೂರು, ಉಡುಪಿಯ ಸುತ್ತಿನ ಕರಾವಳಿ) ಜಿಲ್ಲೆಯಿಂದ ಹೋದ, ಕೆನರಾ ಜಿಲ್ಲೆಗೆ ಬಂದ ಕಾಗದ ಮಾತ್ರ ನಮ್ಮ ವಿಷಯ. ಚೀಟಿಗಿಂತ ಅದರ ಮೇಲೆ ಬಿದ್ದ ಮುದ್ರೆ ಮುಖ್ಯ. ಮುದ್ರೆಗಿಂತ ಲಕೋಟೆ ಮುಖ್ಯ. ಲಕೋಟೆಯನ್ನು ನೀರಿಗೆ ಹಾಕಿ ಚೀಟಿ ಬಿಡಿಸಿಕೊಂಡು ಬಂದ ಹುಡುಗರನ್ನು ನಮ್ಮ ಹಿರಿಯರು ಬೈದದ್ದು ಇಷ್ಟಷ್ಟಲ್ಲ. "ಕೋಳಿ ಬಿಸಾಡಿ ಪುಕ್ಕ ತಂದಿದ್ದೀಯಾ" ಎಂದು ನನಗೇ ಹೇಳಿದ್ದುಂಟು.

ಹೀಗೆ ಒಂದೇ ವಿಷಯವನ್ನು ಹಿಡಿದು ಕೂರುವ ಕೂಟಗಳು ಲೋಕಕ್ಕೆ ಹೊಸತಲ್ಲ. ಬ್ರಿಟನ್ನಿನಲ್ಲಿ 1840ರಲ್ಲಿ ಮೊದಲ ಚೀಟಿ ಬಂತು. 1869ಕ್ಕಾಗಲೇ ಲಂಡನ್ನಿನಲ್ಲಿ ಸಂಗ್ರಾಹಕರ ಸೊಸೈಟಿ ಇತ್ತು. ಕಲ್ಕತ್ತಾದಲ್ಲಿ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ ಶುರುವಾದದ್ದು 1897ರಲ್ಲಿ. ಭಾರತದ ಅಂಚೆಯನ್ನು ಮಾತ್ರ ಓದುವ ಇಂಡಿಯಾ ಸ್ಟಡಿ ಸರ್ಕಲ್ 1950ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಅವರಿಗೆಲ್ಲ ಪತ್ರಿಕೆ, ಲೈಬ್ರರಿ, ಅಧ್ಯಕ್ಷರ ಪಟ್ಟಿ ಎಲ್ಲ ಉಂಟು. ನಮಗೆ ಇದ್ದದ್ದು ಒಂದು ಮಿನಿಟ್ಸ್ ಬುಕ್ಕು. ಅದೂ ಈಗ ಇಲ್ಲ.

ಕೂಟವನ್ನು ಕಟ್ಟಿದವರು ಒಬ್ಬ ಬ್ಯಾಂಕ್ ಅಧಿಕಾರಿ. ಇಲ್ಲಿ ಇದು ಆಶ್ಚರ್ಯವೇನಲ್ಲ. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳು ಹುಟ್ಟಿದ ಜಿಲ್ಲೆ ನಮ್ಮದು. ಬ್ಯಾಂಕು ಇದ್ದಲ್ಲಿ ಟಪಾಲು. ಟಪಾಲು ಇದ್ದಲ್ಲಿ ಕಸದ ಬುಟ್ಟಿ. ಆ ಕಾಲದ ಹುಡುಗರಿಗೆ ಬ್ಯಾಂಕಿನ ಕಸದ ಬುಟ್ಟಿಯೇ ಖಜಾನೆ.

ಇವರು 1971ರಲ್ಲಿ ಟಪಾಲು ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಬಾಂಗ್ಲಾ ನಿರಾಶ್ರಿತರಿಗಾಗಿ ಆ ವರ್ಷ ನವೆಂಬರ್ 15ರಿಂದ ಕಾಗದಗಳಿಗೆ 5 ಪೈಸೆಯ ಹೆಚ್ಚುವರಿ ಚೀಟಿ ಹಚ್ಚಬೇಕಾಯಿತು. ಹೊಸ ಚೀಟಿ ಎಲ್ಲ ಕಡೆಗೂ ಸಾಕಾಗಲಿಲ್ಲ. ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೆಯೇ 'ರೆಫ್ಯೂಜಿ ರಿಲೀಫ್' ಎಂದು ಒತ್ತಿ ಮಾರಿದರು. ಕೆಲವು ಕಡೆ ಅಚ್ಚು, ಕೆಲವು ಕಡೆ ಬರೀ ರಬ್ಬರ್ ಸ್ಟ್ಯಾಂಪು. ದಿನಾ ಹತ್ತಾರು ಊರಿನ ಲಕೋಟೆ ಒಡೆಯುವ ಗುಮಾಸ್ತನ ಕಣ್ಣಿಗೆ ಈ ವ್ಯತ್ಯಾಸ ಬೀಳದೆ ಇರುತ್ತದಾ? ಒಂದು ಊರಿನ ಅಕ್ಷರ ದಪ್ಪ, ಇನ್ನೊಂದರದ್ದು ಸಣಕಲು, ಮತ್ತೊಂದು ಕಡೆ ಮುದ್ರೆಯೇ ತಲೆಕೆಳಗು. ಈ ತೆರಿಗೆ 1973ರ ಮಾರ್ಚಿಗೆ ನಿಂತಿತು. ಅವರ ಹುಚ್ಚು ನಿಲ್ಲಲಿಲ್ಲ.

ಅವರು 2009ರಲ್ಲಿ ತೀರಿಕೊಂಡರು. ಕದ್ರಿಯ ಅವರ ಮನೆ ಹೋಗಿ ಅಲ್ಲಿ ಫ್ಲ್ಯಾಟು ಎದ್ದಿತು. ಮನೆ ಖಾಲಿ ಮಾಡುವಾಗ ಸಂಗ್ರಹವನ್ನು ಜೋಪಾನವಾಗಿ ತೆಗೆದಿಟ್ಟರು. ಅದಕ್ಕೆ ಬೆಲೆ ಇದೆ ಎಂದು ಮನೆಯವರಿಗೆ ಗೊತ್ತಿತ್ತು. ಮಿನಿಟ್ಸ್ ಬುಕ್ಕು ಹಳೆಯ ಪೇಪರಿನ ಜೊತೆ ಗುಜರಿಗೆ ಹೋಗಿರಬೇಕು.

ಸಾಕ್ಷಿ ಹುಡುಕಿದ್ದು

ನಾನು ಎಲ್ಲ ಸದಸ್ಯರಿಗೂ ಒಂದು ಮಾತು ಹೇಳಿದೆ. ಚೀಟಿ ತರಬೇಡಿ. ಕೂಟಕ್ಕೆ ಸಂಬಂಧಪಟ್ಟ ಯಾವ ಹರಕು ಕಾಗದ ಇದ್ದರೂ ತನ್ನಿ.

ಉಡುಪಿಯ ಒಬ್ಬರು ಚಪ್ಪಲಿ ಡಬ್ಬಿ ತಂದರು. ಒಳಗೆ 47 ಪೋಸ್ಟ್ ಕಾರ್ಡು. ಎಲ್ಲವೂ ನಮ್ಮದೇ ಕೂಟದ ಸಭೆಯ ಸೂಚನೆಗಳು. ಬೇರೆ ಯಾವ ಸಂಘದಲ್ಲಾದರೂ ಸಭೆ ಮುಗಿದ ಮೇಲೆ ಇಂಥ ಕಾರ್ಡು ಒಲೆಗೆ ಹೋಗುತ್ತಿತ್ತು. ನಾವು ಮುದ್ರೆ ಬಿದ್ದ ಕಾಗದವನ್ನು ಎಸೆಯುವ ಜನ ಅಲ್ಲ. ತಮಾಷೆ ಏನೆಂದರೆ, ಅವರು ಅವನ್ನು ಇಟ್ಟುಕೊಂಡದ್ದು ಕೂಟದ ಮೇಲಿನ ಪ್ರೀತಿಗಲ್ಲ, ಮುದ್ರೆಗಾಗಿ. ಜೋಡಿಸಿದ್ದೂ ಹಾಗೆಯೇ. ಆರ್‌ಎಂಎಸ್ (ರೈಲ್ವೆ ಅಂಚೆ ವಿಭಾಗ) ಮುದ್ರೆಯವು ಒಂದು ಕಟ್ಟು, ಹೆಡ್ ಪೋಸ್ಟ್ ಆಫೀಸಿನವು ಇನ್ನೊಂದು ಕಟ್ಟು. ತಾರೀಕಿನ ಪ್ರಕಾರ ಜೋಡಿಸುವ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿ ತಾರೀಕು ಹಿಡಿದು ಸಾಲಾಗಿ ಇಟ್ಟೆವು. ತೀರಾ ಹಳೆಯದು ಎಂದು ಕಂಡದ್ದು ಒಂದೇ ಕಾರ್ಡು. ಹುಲಿಯ ತಲೆ ಇರುವ 15 ಪೈಸೆಯ ಕಾರ್ಡು. "ನಮ್ಮ ಮೂರನೇ ಕೂಟ" ಎಂದು ಶುರುವಾಗುತ್ತದೆ. ಇದು ಬಹಳ ಮುಖ್ಯದ್ದು ಎಂದು ಅವರಿಗೆ ಹಿಂದೆಯೇ ಯಾವಾಗಲೋ ಅನಿಸಿತ್ತಂತೆ. ಹಾಗಾಗಿ ಪೇಟೆಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದ್ದರು!

ಇದನ್ನು ಓದುವ ಸಂಗ್ರಾಹಕರಿಗೆ ಈಗಲೇ ಹೊಟ್ಟೆ ಉರಿದಿರುತ್ತದೆ. ಬೇರೆಯವರಿಗೆ ಹೇಳುತ್ತೇನೆ. ಬಿಸಿಯಲ್ಲಿ ಒತ್ತಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಏಟಾಗದ ಹಾಗೆ ಬಿಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಕರಾವಳಿಯ ಮಳೆಗಾಲಕ್ಕೆ ಹೆದರಿಯೇ ಜನ ಹೀಗೆ ಮಾಡುವುದು. ಜೂನ್ ಬಂತೆಂದರೆ ಗೋಂದು ಇರುವ ಹೊಸ ಚೀಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಳೆಯ ಕಾಗದಕ್ಕೆ ಕಂದು ಚುಕ್ಕೆ ಏಳುತ್ತದೆ. ಅದಕ್ಕೆ ಮದ್ದು ಗ್ಲಾಸೀನ್ ಎಂಬ ನುಣುಪು ಕಾಗದ, ತೇವ ಹೀರುವ ಸಿಲಿಕಾ ಜೆಲ್, ಮತ್ತು ಬಿಸಿಲು ಬಿದ್ದ ದಿನ ನೆರಳಿನಲ್ಲಿ ಆಲ್ಬಮ್ ತೆರೆದಿಡುವುದು. ಲ್ಯಾಮಿನೇಷನ್ ಅಂತೂ ಅಲ್ಲವೇ ಅಲ್ಲ.

ನಮ್ಮ ದುರಾದೃಷ್ಟಕ್ಕೆ ಗಾಳಿಯ ಗುಳ್ಳೆ ಕೂತದ್ದು ಸರಿಯಾಗಿ ಮುದ್ರೆಯ ಮೇಲೆ. 2-11 ಎಂಬುದು ಚೆನ್ನಾಗಿ ಕಾಣುತ್ತದೆ. ವರ್ಷದ ಮೊದಲ ಅಂಕೆ 8. ಎರಡನೆಯದು ಹತ್ತು ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ನೋಡಿದರೆ 3, ಸ್ವಲ್ಪ ಓರೆ ಮಾಡಿದರೆ 8. ಎಡಭಾಗದ ಗೆರೆ ಶಾಯಿಯೋ, ಗುಳ್ಳೆಯ ಅಂಚಿನ ನೆರಳೋ ಹೇಳುವ ಹಾಗಿಲ್ಲ. ಒಳ್ಳೆಯ ಬೆಳಕಿಗಾಗಿ ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ನಿಂತು ಐದು ಜನ ನೋಡಿದೆವು. ಮೂರು ಓಟು 83ಕ್ಕೆ, ಎರಡು 88ಕ್ಕೆ.

ಓಟಿನಲ್ಲಿ ತೀರ್ಮಾನ ಆಗುವ ವಿಷಯ ಅಲ್ಲವಲ್ಲ. ಕಾರ್ಡಿನ ಒಳಗೆ ಹೋದೆವು. ನಾಲ್ಕೇ ಸಾಲು. "ದೀಪಾವಳಿಯ ಗಡಿಬಿಡಿ ಅಷ್ಟರಲ್ಲಿ ಮುಗಿದಿರುವುದರಿಂದ 6ನೇ ತಾರೀಕು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ" ಬರಬೇಕು ಎಂದು ಇತ್ತು. ನನಗೆ ಖುಷಿ ಆಯಿತು. ನವೆಂಬರ್ 6 ಭಾನುವಾರ ಯಾವ ವರ್ಷ ಬರುತ್ತದೋ ಅದೇ ನಮ್ಮ ವರ್ಷ. ಫೋನ್ ತೆಗೆದು ನೋಡಿದೆ. 1983ರಲ್ಲಿ ಭಾನುವಾರ. 1988ರಲ್ಲೂ ಭಾನುವಾರ! ಐದು ವರ್ಷಕ್ಕೆ ಐದು ದಿನ, ನಡುವೆ 84 ಮತ್ತು 88ರ ಅಧಿಕ ದಿನ ಎರಡು, ಒಟ್ಟು ಏಳು. ಮಾರ್ಚಿನಿಂದ ಆಚೆಗೆ ಎರಡೂ ವರ್ಷಕ್ಕೆ ಒಂದೇ ಕ್ಯಾಲೆಂಡರ್. ಕಾರ್ಡು ಜನವರಿಯದ್ದೋ ಫೆಬ್ರವರಿಯದ್ದೋ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು 'ದೀಪಾವಳಿ' ಎಂಬ ಒಂದು ಪದ. ಅದು ಹೊಳೆದದ್ದು ನನಗಲ್ಲ, ಚಹಾ ತಂದುಕೊಟ್ಟ ನನ್ನ ಹೆಂಡತಿಗೆ. "ಹಬ್ಬ ಆ ವರ್ಷ ಯಾವಾಗ ಬಿದ್ದಿತ್ತು ನೋಡಿ" ಎಂದಳು. 1983ರಲ್ಲಿ ದೀಪಾವಳಿ ಅಮಾವಾಸ್ಯೆ ನವೆಂಬರ್ 4ಕ್ಕೆ. ಬಲಿಪಾಡ್ಯ ಮರುದಿನ. 6ನೇ ತಾರೀಕಿಗೆ ಹಬ್ಬ ಮುಗಿದಿರುತ್ತದೆ. 1988ರಲ್ಲಿ ಅಮಾವಾಸ್ಯೆ ನವೆಂಬರ್ 9ಕ್ಕೆ. 6ಕ್ಕೆ ಇನ್ನೂ ಎಣ್ಣೆ ಸ್ನಾನವೇ ಆಗಿಲ್ಲ.

ಅಂದರೆ 1983. ಸುಮ್ನೆ ಹೇಳಿದವರೇ ಸರಿ.

ಆದರೆ ಆ ಕಾರ್ಡು ಮೂರನೇ ಕೂಟದ್ದು. ಮೊದಲ ಎರಡು ಯಾವಾಗ? ತಿಂಗಳಿಗೊಂದು ಎಂದು ಹಿಡಿದರೆ ಸೆಪ್ಟೆಂಬರ್. ಜೋರು ಮಳೆಗಾಲದಲ್ಲಿ ಸಭೆ ನಡೆಸುತ್ತಿರಲಿಲ್ಲ ಎಂಬುದು ಉಳಿದ ಕಾರ್ಡುಗಳಿಂದಲೇ ಗೊತ್ತಾಗುತ್ತದೆ. ಹಾಗಾದರೆ ಮೊದಲಿನ ಎರಡು ಮಳೆಗೂ ಮುಂಚೆ ಆಗಿರಬಹುದು. 1982ರ ಏಷ್ಯಾಡ್ ನೆನಪು ಪೂರ್ತಿ ಸುಳ್ಳು ಎಂದು ಹೇಳುವ ಧೈರ್ಯ ನನಗಿಲ್ಲ. ಹೊಸ ಚೀಟಿ ಬರುವ ದಿನ ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿನ ಕೌಂಟರ್ ಮುಂದೆ ನಾಲ್ಕೈದು ಜನ ಸೇರುತ್ತಿದ್ದರಂತೆ. ಆಗ ಕೂಟ ಎಂಬ ಹೆಸರು ಇರಲಿಲ್ಲ, ಅಷ್ಟೇ. ನಾನು ಚರಿತ್ರೆಯಲ್ಲಿ '1983, ನವೆಂಬರಿಗೆ ಮುಂಚೆ' ಎಂದು ಬರೆದೆ. ಕೆಲವರಿಗೆ ಅದು ಇಷ್ಟವಾಗಲಿಲ್ಲ. ಬ್ಯಾನರಿನಲ್ಲಿ ಹಾಗೆ ಬರೆಯಲು ಆಗುವುದಿಲ್ಲವಂತೆ.

ಕೈಬರಹ

ಕಾರ್ಡುಗಳನ್ನು ಸಾಲಾಗಿ ಇಟ್ಟಾಗ ಇನ್ನೊಂದು ಸಂಗತಿ ಕಂಡಿತು. ಮೊದಲ ಹತ್ತು ಹನ್ನೆರಡು ವರ್ಷದ ಎಲ್ಲ ಕಾರ್ಡಿನಲ್ಲೂ ಒಂದೇ ಕೈಬರಹ. ಗುಂಡು ಅಕ್ಷರ, ಒತ್ತು ಸ್ಪಷ್ಟ. ಕೆಳಗೆ ಸಹಿ ಮಾತ್ರ ಬೇರೆ ಕೈಯದ್ದು, ಅವಸರದ್ದು. ಬ್ಯಾಂಕಿನವರ ಬರಹ ಕೋಳಿ ಕೆದರಿದ ಹಾಗೆ ಇರುತ್ತಿತ್ತು, ಅದು ನಮಗೆಲ್ಲ ಗೊತ್ತು.

ಅವರ ಹೆಂಡತಿ ಈಗ ಮಣಿಪಾಲದಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಎಂಬತ್ತು ದಾಟಿದೆ. ಕಾರ್ಡಿನ ಜೆರಾಕ್ಸ್ ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನನ್ನದೇ. ಅವರು ಹೇಳ್ತಿದ್ರು, ನಾನು ಬರೀತಿದ್ದೆ. ಮೂವತ್ತು ಕಾರ್ಡು ಬರೆಯುವಷ್ಟರಲ್ಲಿ ಕೈ ಸೋಲ್ತಿತ್ತು" ಎಂದರು. ಆ ದಿನ ನೆನಪಿದೆಯಾ ಎಂದು ಕೇಳಿದೆ. ಪರ್ಬಕ್ಕೆ (ಹಬ್ಬಕ್ಕೆ) ಮಾಡಿದ ಸಿಹಿ ಅವಲಕ್ಕಿ ಉಳಿದಿತ್ತು, ಅದನ್ನೇ ಎಲ್ಲರಿಗೂ ಕೊಟ್ಟೆ ಎಂದರು.

ಇದನ್ನು ಪಕ್ಕಾ ಸಾಕ್ಷಿ ಎಂದು ನಾನು ಸೇರಿಸಲಿಲ್ಲ. ಕಾರ್ಡು ಮೊದಲು ತೋರಿಸಿ ಆಮೇಲೆ ಪ್ರಶ್ನೆ ಕೇಳಿದ್ದು ನನ್ನ ತಪ್ಪು. 'ದೀಪಾವಳಿ' ಎಂದು ಓದಿದ ಮೇಲೆ ಯಾರಿಗಾದರೂ ಅವಲಕ್ಕಿ ನೆನಪಾದೀತು. ಕೈಬರಹದ ವಿಷಯಕ್ಕೆ ಮಾತ್ರ ಸಂಶಯವೇ ಇಲ್ಲ. ಅವರು ನನ್ನ ಮುಂದೆಯೇ ಒಂದು ಸಾಲು ಬರೆದು ತೋರಿಸಿದರು. ಸ್ವಲ್ಪ ನಡುಗುತ್ತದೆ, ಆದರೆ 'ಕೂಟ' ಎಂಬುದರ ಟ ಅದೇ. ಸದಸ್ಯರ ಯಾವ ಪಟ್ಟಿಯಲ್ಲೂ ಅವರ ಹೆಸರು ಇರಲಿಲ್ಲ. ಈಗ ಕಾರ್ಯದರ್ಶಿ ಎಂಬ ಸಾಲಿನಲ್ಲಿ ಎರಡು ಹೆಸರು ಹಾಕಿದ್ದೇನೆ. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಜಗಳಗಳು

ಸಂಘದ ಚರಿತ್ರೆ ಬರೆಯುವಾಗ ಜಗಳ ಬಿಟ್ಟುಬಿಡಿ ಎಂದು ಹಿರಿಯರು ಹೇಳಿದ್ದರು. ಬಿಟ್ಟರೆ ಉಳಿಯುವುದು ಕಾಫಿ ತಿಂಡಿ ಮಾತ್ರ.

ಮೊದಲ ಜಗಳ ಗಡಿಯದ್ದು. ಕೆನರಾ ಎಂದರೆ ಎಲ್ಲಿಂದ ಎಲ್ಲಿಗೆ? 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಅದಕ್ಕೆ ಮುಂಚಿನ ಕಾರವಾರ, ಕುಮಟಾದ ಲಕೋಟೆ ನಮ್ಮದೇ ಎಂಬುದು ಒಂದು ಪಂಗಡ. ಇಡೀ ಭಾರತಕ್ಕೆ ಚೀಟಿ ಬಂದದ್ದು 1854ರ ಅಕ್ಟೋಬರಿನಲ್ಲಿ. ಅಂದರೆ ಜಗಳ ಇದ್ದದ್ದು ಬರೀ ಏಳೆಂಟು ವರ್ಷದ ಕಾಗದಕ್ಕೆ. ಅಂಥ ಕಾಗದ ಕೂಟದಲ್ಲಿ ಯಾರ ಹತ್ತಿರವೂ ಇರಲಿಲ್ಲ! ಆದರೂ ಎರಡು ಸಭೆ ಹೋಯಿತು. ಕಾಸರಗೋಡಿನದ್ದು ನಿಜವಾದ ಪ್ರಶ್ನೆ. 1956ರ ನವೆಂಬರ್ 1ರ ತನಕ ಅದು ದಕ್ಷಿಣ ಕೆನರಾದ ತಾಲೂಕು, ಆಮೇಲೆ ಕೇರಳ. ಅಲ್ಲಿಯ ಸದಸ್ಯರೊಬ್ಬರ ಹತ್ತಿರ ಒಳ್ಳೆಯ ಸಂಗ್ರಹ ಇತ್ತು. ಅವರು ಒಂದು ಸಭೆಯಲ್ಲಿ ಎದ್ದು, "ಅಕ್ಟೋಬರ್ 31ರ ಲಕೋಟೆ ಒಳಗೆ, ನವೆಂಬರ್ 1ರ ಲಕೋಟೆ ಹೊರಗೆ. ನಾನು ಎಲ್ಲಿ ಕೂರಲಿ?" ಎಂದರು. ಆ ಮೇಲೆ ನಿಯಮ ಸಡಿಲವಾಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆದಾಗ ಯಾರೂ ಗಡಿಯ ಮಾತೇ ಎತ್ತಲಿಲ್ಲ.

ಎರಡನೆಯದು ದೊಡ್ಡದು. ತೊಂಬತ್ತರ ದಶಕದಲ್ಲಿ ಉಡುಪಿಯ ಒಬ್ಬ ಟೀಚರ್ ಸೇರಿದರು. ಅವರು ತಂದದ್ದು ಗಲ್ಫಿನ ಕಾಗದಗಳು. ತಂದೆ ದುಬೈಯಲ್ಲಿ ಇದ್ದವರು. ಹಿರಿಯರಿಗೆ ಅದು ಸಂಗ್ರಹ ಎಂದೇ ಅನಿಸಲಿಲ್ಲ. ಆಗಿನ್ನೂ ಅಂಥ ಕಾಗದ ಊರಿನ ಅರ್ಧ ಮನೆಗಳ ಕಪಾಟಿನಲ್ಲಿ ಇತ್ತು. "ಡ್ರಾಫ್ಟ್ ಸಿಕ್ಕಿತಾ ಅಂತ ಕೇಳುವ ಕಾಗದದಲ್ಲಿ ಎಂತ ಚರಿತ್ರೆ?" ಎಂದು ಒಬ್ಬರು ನಕ್ಕರಂತೆ. ಅವರ ಪಾಲಿಗೆ ಚರಿತ್ರೆ ಎಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಲಕೋಟೆ. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿಂದ ಬಾಸೆಲ್ಲಿಗೆ ಕಾಗದ ಹೋಗುತ್ತಲೇ ಇತ್ತು. ಆ ಬಾಸೆಲ್ ಊರೇ 1845ರಲ್ಲಿ ಮೂರು ಬಣ್ಣದ ಪಾರಿವಾಳದ ಚೀಟಿ ಹೊರಡಿಸಿ ಸಂಗ್ರಾಹಕರ ನಡುವೆ ಹೆಸರಾದ ಊರು. ಇಂಥ ಕಥೆಯ ಮುಂದೆ ಡ್ರಾಫ್ಟಿನ ಕಾಗದ ಸಪ್ಪೆ ಎಂದು ಕಂಡಿರಬೇಕು.

ಟೀಚರ್ ಸುಮ್ಮನಾಗಲಿಲ್ಲ. ಮುಂದಿನ ಸಭೆಗೆ ಪ್ರದರ್ಶನದ ಒಂದು ಫ್ರೇಮ್, ಅಂದರೆ 16 ಹಾಳೆ, ಸಿದ್ಧ ಮಾಡಿ ತಂದರು. ಮೊದಲ ಹಾಳೆಯಲ್ಲೇ ಎಲ್ಲರ ಬಾಯಿ ಮುಚ್ಚಿತು. ಮಸ್ಕತ್ತಿನಲ್ಲಿ ಭಾರತದ ಅಂಚೆ ಕಚೇರಿ ತೆರೆದದ್ದು 1864ರಲ್ಲಿ. ಬಹರೇನಿನಲ್ಲಿ 1884. ದುಬೈಯಲ್ಲಿ 1909. ಅಲ್ಲೆಲ್ಲ ಓಡಿದ್ದು ನಮ್ಮದೇ ಆಣೆ ಚೀಟಿ. ಕುವೈತ್‌ಗೆ 1923ರಲ್ಲಿ, ಬಹರೇನಿಗೆ 1933ರಲ್ಲಿ ಭಾರತದ ಚೀಟಿಯ ಮೇಲೆ ಆ ಊರಿನ ಹೆಸರು ಒತ್ತಿ ಕೊಟ್ಟರು. ದುಬೈಯ ಅಂಚೆ 1947ರಲ್ಲಿ ಕೆಲವು ತಿಂಗಳು ಪಾಕಿಸ್ತಾನದ ಕೈಗೆ ಹೋಗಿ, 1948ರ ಏಪ್ರಿಲ್ 1ರಿಂದ ಬ್ರಿಟಿಷರದ್ದಾಯಿತು. ಆಗಲೂ ಬ್ರಿಟಿಷ್ ರಾಜನ ಚೀಟಿಯ ಮೇಲೆ ಬೆಲೆ ಒತ್ತಿದ್ದು ಆಣೆ, ರೂಪಾಯಿಯಲ್ಲಿ. ನಮ್ಮೂರಿನವರು ದುಡಿಯಲು ಹೋದ ದೇಶಕ್ಕೆ ನಮ್ಮ ಚೀಟಿ ಅವರಿಗಿಂತ ಎಷ್ಟೋ ಮೊದಲೇ ಹೋಗಿತ್ತು.

ಅವರ ಹಾಳೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ವಿಳಾಸಗಳು. ಊರಿಂದ ಹೋಗುವ ಲಕೋಟೆಯ ಮೇಲೆ ಮನೆ ಇಲ್ಲ, ಬೀದಿ ಇಲ್ಲ. ಕಂಪನಿಯ ಹೆಸರು, ಪೋಸ್ಟ್ ಬಾಕ್ಸ್ ನಂಬರು, ಊರು. ಅಲ್ಲಿ ಕಾಗದ ಮನೆಗೆ ಬರುವುದಿಲ್ಲ, ಬಾಕ್ಸಿಗೆ ಬೀಳುತ್ತದೆ. ಅಲ್ಲಿಂದ ಬರುವ ಲಕೋಟೆಯ ಮೇಲೆ ಮನೆ ಹೆಸರು, ದೈವಸ್ಥಾನದ ಹತ್ತಿರ, ಇಂಥವರ ಅಂಗಡಿಯ ಮೂಲಕ, ಅಂಚೆ, ತಾಲೂಕು ಎಲ್ಲ ಉಂಟು. ಎರಡು ಲಕೋಟೆಯನ್ನು ಅಕ್ಕಪಕ್ಕ ಇಟ್ಟಿದ್ದರು. ಅದರ ಕೆಳಗೆ ವಿವರಣೆ ಬರೆದಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನಮ್ಮ ಕೂಟ ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಕೇಳಿದರೆ ನಾನು ಈ 16 ಹಾಳೆಯನ್ನೇ ತೋರಿಸುತ್ತೇನೆ. ನಕ್ಕಿದ್ದ ಹಿರಿಯರು ಆಮೇಲೆ ತಮ್ಮ ಅಳಿಯನ ಕಾಗದಗಳನ್ನೂ ತಂದು ಅವರಿಗೇ ಕೊಟ್ಟರು.

ಆಮೇಲಿನ ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಕ್ಕೆ ಇಲ್ಲ. ಎಸ್‌ಟಿಡಿ ಬೂತು ಬಂತು, ಕೊರಿಯರ್ ಬಂತು, ಮೊಬೈಲ್ ಬಂತು. ಹೊಸ ಕಾಗದ ಕಡಿಮೆಯಾಯಿತು, ಹೊಸ ಸದಸ್ಯರೂ ಕಡಿಮೆಯಾದರು. ಸೂಚನೆ ವಾಟ್ಸಾಪಿಗೆ ಹೋಯಿತು. ಚಪ್ಪಲಿ ಡಬ್ಬಿಯ ಕೊನೆಯ ಕಾರ್ಡಿನ ನಂತರದ ಸಭೆಗಳು ಯಾವ ದಿನ ನಡೆದವು ಎಂದು ಹುಡುಕಲು ಹೋದರೆ ಏನೂ ಸಿಗುವುದಿಲ್ಲ. ಒಬ್ಬರ ಫೋನ್ ನೀರಿಗೆ ಬಿದ್ದಿದೆ, ಇನ್ನೊಬ್ಬರದ್ದು ಹೊಸತು. 1983ರ ಸಭೆಗೆ ತಾರೀಕು ಉಂಟು, 2016ರದ್ದಕ್ಕೆ ಇಲ್ಲ.

ಹಾಗಾಗಿ ನಾಲ್ಕು ಪುಟ ಮುಗಿದ ದಿನ ಒಂದು ತೀರ್ಮಾನ ಆಯಿತು. ಪ್ರತಿ ಸಭೆಯ ಮಿನಿಟ್ಸನ್ನು ಬರೆದು ಅಂಚೆಯಲ್ಲಿ ನಮಗೆ ನಾವೇ ಕಳಿಸಿಕೊಳ್ಳುವುದು. ಮುದ್ರೆ ಬೀಳುತ್ತದೆ, ತಾರೀಕು ಉಳಿಯುತ್ತದೆ. ರಿಜಿಸ್ಟರ್ಡ್ ಮಾಡುವ ಎಂದರು ಒಬ್ಬರು. ಆದರೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ತಿಂಗಳಿಗೊಮ್ಮೆ ಸ್ಪೀಡ್ ಪೋಸ್ಟು ದುಬಾರಿ ಎಂದು ಖಜಾಂಚಿ ಒಪ್ಪಲಿಲ್ಲ. ಕೊನೆಗೆ 50 ಪೈಸೆಯ ಪೋಸ್ಟ್ ಕಾರ್ಡೇ ಗೆದ್ದಿತು. ಸಣ್ಣ ಅಕ್ಷರದಲ್ಲಿ ಬರೆದು ಟೀಚರ್ ಹಾಕುತ್ತಾರೆ. ವಿಳಾಸ ನನ್ನದು.

ಇಲ್ಲಿಯ ತನಕ ಮೂರು ಕಾರ್ಡು ಹಾಕಿದ್ದಾರೆ. ಎರಡು ಬಂದಿವೆ.